ಅಯಸ್ಕಾಂತ, ಕರೆಂಟು, ಲೋಕಲ್ ಟ್ರೇನು: ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಕನ್ನಡ ಮಕ್ಕಳಿಗೆ ಭಾನುವಾರ ಬೆಳಗ್ಗೆ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ಕೇಳುತ್ತಾರೆ, ಅವರನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಕೇಳುತ್ತಾರೆ, ಹೋಟೆಲಿನಲ್ಲಿ ದುಡಿಯುತ್ತಾ ಓದುವ ಹುಡುಗರು ಎಲ್ಲರಿಗಿಂತ ಜಾಸ್ತಿ ಕೇಳುತ್ತಾರೆ. ಅವರ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಉತ್ತರಗಳ ಬುಡದಲ್ಲಿ ಇರುವುದು ಎರಡೇ ಸಂಗತಿ. ಕರೆಂಟು ಹರಿದರೆ ಅದರ ಸುತ್ತ ಕಾಂತಕ್ಷೇತ್ರ, ಅಂದರೆ ಅಯಸ್ಕಾಂತದ ಪ್ರಭಾವ ಇರುವ ಜಾಗ, ಹುಟ್ಟುತ್ತದೆ. ಕಾಂತಕ್ಷೇತ್ರ ಬದಲಾದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಇವೆರಡನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಫ್ಯಾನಿನಿಂದ ಹಿಡಿದು ಲೋಕಲ್‌ವರೆಗೆ ಎಲ್ಲವೂ ಅರ್ಥವಾಗುತ್ತಾ ಹೋಗುತ್ತದೆ.

ಅಯಸ್ಕಾಂತ ಎಲ್ಲ ಲೋಹಗಳನ್ನೂ ಯಾಕೆ ಎಳೆಯುವುದಿಲ್ಲ?

ಸಾಮಾನ್ಯ ತಾಪಮಾನದಲ್ಲಿ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವ ಲೋಹಗಳು ಅಂದರೆ ಮುಖ್ಯವಾಗಿ ಕಬ್ಬಿಣ, ನಿಕ್ಕಲ್, ಕೋಬಾಲ್ಟ್. ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಹೆಚ್ಚಿನ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಇರುತ್ತವೆ. ಹಾಗಾಗಿ ಲೆಕ್ಕ ಸೊನ್ನೆ ಆಗುತ್ತದೆ. ಕಬ್ಬಿಣದ ಪರಮಾಣುವಿನಲ್ಲಿ ಕೆಲವು ಎಲೆಕ್ಟ್ರಾನುಗಳಿಗೆ ಜೋಡಿ ಇಲ್ಲ. ಅಷ್ಟೇ ಅಲ್ಲ, ಅಕ್ಕಪಕ್ಕದ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಿಕೊಳ್ಳುತ್ತವೆ. ಶಕ್ತಿ ಬರುವುದು ಈ ಒಗ್ಗಟ್ಟಿನಿಂದ. ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆ, ಚಿನ್ನದಲ್ಲಿ ಅದು ಇಲ್ಲ.

ನಾಣ್ಯಗಳಲ್ಲೇ ನೋಡಬಹುದು. ಈಗಿನ ಒಂದು ರೂಪಾಯಿ ನಾಣ್ಯ ಸ್ಟೇನ್‌ಲೆಸ್ ಸ್ಟೀಲಿನದು, ಟಕ್ಕನೆ ಅಂಟುತ್ತದೆ. ಅಜ್ಜಿಯ ಡಬ್ಬಿಯಲ್ಲಿ 1980ರ ದಶಕದ ದಪ್ಪ ಒಂದು ರೂಪಾಯಿ ಇದ್ದರೆ ಅದಕ್ಕೂ ಹಿಡಿದು ನೋಡಿ. ಅದರಲ್ಲಿ ನಿಕ್ಕಲ್ ಇದೆ, ಆದರೂ ಅಂಟುವುದಿಲ್ಲ. ಮುಕ್ಕಾಲು ಪಾಲು ತಾಮ್ರ ಬೆರೆತದ್ದರಿಂದ ನಿಕ್ಕಲಿನ ಆ ಗುಣವೇ ಹೋಗಿಬಿಟ್ಟಿದೆ. ಒಳಗೆ ಯಾವ ಲೋಹ ಇದೆ ಅನ್ನುವುದಷ್ಟೇ ಮುಖ್ಯವಲ್ಲ, ಪರಮಾಣುಗಳು ಹೇಗೆ ಕೂತಿವೆ ಅನ್ನುವುದೂ ಮುಖ್ಯ.

ಹಾಗಾದರೆ ಕೆಲವು ಸ್ಟೀಲ್ ಪಾತ್ರೆ ಅಂಟುತ್ತವೆ, ಕೆಲವು ಅಂಟುವುದಿಲ್ಲ. ಅಂಟದೇ ಇರುವುದು ಕಳಪೆಯಾ?

ಅಲ್ಲ. ಒಳ್ಳೆಯ ಪಾತ್ರೆಗಳಿಗೆ ಬಳಸುವ 304 ಅನ್ನುವ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ನಿಕ್ಕಲ್ ಸೇರಿದಾಗ ಪರಮಾಣುಗಳ ಜೋಡಣೆ ಬದಲಾಗುತ್ತದೆ. ಆಗ ಕಬ್ಬಿಣವೇ ಜಾಸ್ತಿ ಇದ್ದರೂ ಅಯಸ್ಕಾಂತಕ್ಕೆ ಸಿಗುವುದಿಲ್ಲ. ನಿಕ್ಕಲ್ ಇಲ್ಲದ 430 ಸ್ಟೀಲು ಅಂಟುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು ‘ನೋಡಿ, ಅಸಲಿ ಮಾಲು’ ಅಂದರೆ ಅದು ಪೂರ್ತಿ ಪರೀಕ್ಷೆ ಅಲ್ಲ ಅಂತ ತಿಳಿದಿರಲಿ.

ಅಯಸ್ಕಾಂತವನ್ನು ಮುರಿದರೆ ಉತ್ತರ ಒಂದು ಕಡೆ, ದಕ್ಷಿಣ ಒಂದು ಕಡೆ ಆಗುತ್ತದಾ?

ಇಲ್ಲ. ಪ್ರತಿ ತುಂಡಿಗೂ ಎರಡೂ ಧ್ರುವ ಬರುತ್ತವೆ. ಎಷ್ಟು ಸಲ ಮುರಿದರೂ ಅಷ್ಟೇ. ಒಂಟಿ ಧ್ರುವವನ್ನು ಇಲ್ಲಿಯವರೆಗೆ ಯಾರೂ ಹಿಡಿದಿಲ್ಲ.

ಕಬ್ಬಿಣದ ಒಳಗೆ ಚಿಕ್ಕ ಚಿಕ್ಕ ಪ್ರದೇಶಗಳಿವೆ. ಒಂದು ಪ್ರದೇಶದ ಪರಮಾಣುಗಳೆಲ್ಲ ಒಂದೇ ಕಡೆ ಮುಖ ಮಾಡಿರುತ್ತವೆ. ಸಾಮಾನ್ಯ ಮೊಳೆಯಲ್ಲಿ ಈ ಪ್ರದೇಶಗಳು ದಾದರ್ ಸೇತುವೆಯ ಮೇಲಿನ ಜನರ ಹಾಗೆ, ಒಬ್ಬೊಬ್ಬರು ಒಂದೊಂದು ಕಡೆ. ಅಯಸ್ಕಾಂತ ಹತ್ತಿರ ಬಂದಾಗ ಹೆಚ್ಚಿನವು ಒಂದೇ ಕಡೆ ತಿರುಗುತ್ತವೆ, ಮೊಳೆಯೇ ಅಯಸ್ಕಾಂತವಾಗುತ್ತದೆ. ಅಯಸ್ಕಾಂತ ದೂರ ಹೋದರೆ ಮೆದು ಕಬ್ಬಿಣದಲ್ಲಿ ಮತ್ತೆ ಚೆಲ್ಲಾಪಿಲ್ಲಿ. ಗಟ್ಟಿ ಉಕ್ಕಿನಲ್ಲಿ ಅವು ಹಾಗೇ ಉಳಿಯುತ್ತವೆ. ಅದಕ್ಕೇ ಹೊಲಿಗೆ ಸೂಜಿಯನ್ನು ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಅದು ಅಯಸ್ಕಾಂತವಾಗಿ ಉಳಿಯುತ್ತದೆ.

ಸುತ್ತಿಗೆಯಿಂದ ಬಡಿದರೆ, ಕಾಯಿಸಿದರೆ ಶಕ್ತಿ ಇಳಿಯುತ್ತದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಆಟಿಕೆಯಲ್ಲಿ, ಹೆಡ್‌ಫೋನಿನಲ್ಲಿ ಸಿಗುವ ಹೊಳೆಯುವ ನಿಯೋಡಿಮಿಯಂ ಬಿಲ್ಲೆ ತುಂಬಾ ಶಕ್ತಿಯದು. ಆದರೆ ಸಾದಾ ದರ್ಜೆಯದು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಕುದಿಯುವ ನೀರಿಗೆ ಹಾಕಬೇಡಿ.

ಭೂಮಿಯ ಒಳಗೆ ದೊಡ್ಡ ಅಯಸ್ಕಾಂತ ಇದೆ ಅಂತಾರಲ್ಲ, ನಿಜವಾ?

ಕಲ್ಲಿನಂಥ ಅಯಸ್ಕಾಂತ ಏನೂ ಇಲ್ಲ. ಅಷ್ಟು ಬಿಸಿಯಲ್ಲಿ ಕಬ್ಬಿಣ ಅಯಸ್ಕಾಂತವಾಗಿ ಉಳಿಯುವುದಿಲ್ಲ ಅಂತ ಈಗಷ್ಟೇ ನೋಡಿದೆವು. ನಮ್ಮ ಕಾಲಡಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಕರಗಿದ ಕಬ್ಬಿಣ ಶುರುವಾಗುತ್ತದೆ. ಅದು ಹೊರಳುತ್ತಾ ಹರಿಯುತ್ತಿದೆ, ಅದರೊಳಗೆ ಕರೆಂಟು ಓಡುತ್ತಿದೆ. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಆ ಕರೆಂಟಿನಿಂದ.

ಕಾಂತಕ್ಷೇತ್ರದ ಬಲ ಅಳೆಯುವ ಮಾನ ಟೆಸ್ಲಾ, ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೋಟೆಸ್ಲಾ. ಮುಂಬೈಯಲ್ಲಿ ಇದರ ಬಲ 40 ಮೈಕ್ರೋಟೆಸ್ಲಾಕ್ಕಿಂತ ಸ್ವಲ್ಪ ಜಾಸ್ತಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಬೊಂಬೆಯ ಅಯಸ್ಕಾಂತ ಇದಕ್ಕಿಂತ ನೂರು ಪಟ್ಟು ಮೇಲೆ. ಇಲ್ಲಿ ದಿಕ್ಸೂಚಿ ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದು ಡಿಗ್ರಿಯೊಳಗೆ. ಆದರೆ ಸೂಜಿಯನ್ನು ಮೇಲೆ ಕೆಳಗೆ ಆಡಲು ಬಿಟ್ಟರೆ ಅದು ಅಡ್ಡಕ್ಕೆ ನಿಲ್ಲುವುದಿಲ್ಲ. ಉತ್ತರದ ತುದಿ ನೆಲದ ಕಡೆಗೆ ಬಾಗುತ್ತದೆ. ರಜೆಯಲ್ಲಿ ಮಂಗಳೂರಿಗೋ ಉಡುಪಿಗೋ ಹೋದಾಗ ನೋಡಿದರೆ ಆ ಬಾಗು ಇಲ್ಲಿಗಿಂತ ಕಡಿಮೆ. ಕನ್ಯಾಕುಮಾರಿಯ ಆಸುಪಾಸಿನಲ್ಲಿ ಸೂಜಿ ಹೆಚ್ಚುಕಡಿಮೆ ಅಡ್ಡವಾಗಿಯೇ ನಿಲ್ಲುತ್ತದೆ.

ಕೊಲಾಬಾದಲ್ಲಿ ಕಾಂತಕ್ಷೇತ್ರ ಅಳೆಯುತ್ತಿದ್ದರಂತೆ. ಅಲಿಬಾಗಿಗೆ ಯಾಕೆ ಹೋಯಿತು?

ಈ ಪ್ರಶ್ನೆ ಬಂದರೆ ನನಗೆ ತುಂಬಾ ಖುಷಿ. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಈ ಕಥೆ ಗೊತ್ತಿಲ್ಲ.

ಕೊಲಾಬಾದ ವೀಕ್ಷಣಾಲಯ ಶುರುವಾದದ್ದು 1826ರಲ್ಲಿ. 1841ರಿಂದ ಅಲ್ಲಿ ಭೂಮಿಯ ಕಾಂತಕ್ಷೇತ್ರವನ್ನು ನಿಯಮಿತವಾಗಿ ಅಳೆಯತೊಡಗಿದರು. 1859ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಸೂರ್ಯನಿಂದ ವಿದ್ಯುತ್ ಕಣಗಳ ಒಂದು ಭಾರೀ ಬಿರುಗಾಳಿ ಭೂಮಿಗೆ ಬಡಿಯಿತು. ಅಮೆರಿಕದಲ್ಲಿ ತಂತಿ ಕಚೇರಿಗಳವರು ಬ್ಯಾಟರಿ ತೆಗೆದಿಟ್ಟರೂ ತಂತಿಯಲ್ಲಿ ಸಂದೇಶ ಹೋಗುತ್ತಿತ್ತು. ಬದಲಾಗುವ ಕಾಂತಕ್ಷೇತ್ರ ಅಷ್ಟುದ್ದ ತಂತಿಯಲ್ಲಿ ತಾನೇ ಕರೆಂಟು ಹುಟ್ಟಿಸಿತ್ತು. ಆ ಹೊತ್ತಿನಲ್ಲಿ ಕೊಲಾಬಾದವರು ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ, ಅಂದರೆ 1.6 ಮೈಕ್ರೋಟೆಸ್ಲಾ, ಕುಸಿದದ್ದನ್ನು ದಾಖಲಿಸಿದರು. ನೂರ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ವಿಜ್ಞಾನಿಗಳು ಆ ಬಿರುಗಾಳಿಯ ಬಲ ಲೆಕ್ಕ ಹಾಕಲು ಕೂತಾಗ ಕೈಗೆ ಸಿಕ್ಕ ಅತಿ ಬೆಲೆಬಾಳುವ ದಾಖಲೆ ಇದೇ. ಬೇರೆ ಹಲವು ಕಡೆಯ ಉಪಕರಣಗಳ ಅಳತೆ ಕಾಗದದಿಂದಾಚೆ ಹೋಗಿಬಿಟ್ಟಿತ್ತು.

ಆಮೇಲೆ ಮುಂಬೈಗೆ ಕರೆಂಟಿನ ಟ್ರಾಮ್ ಬರುವ ಮಾತು ಶುರುವಾಯಿತು. ಆ ಟ್ರಾಮ್ ಓಡಲು ಡಿಸಿ, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟು ಬೇಕು. ಅದು ಹಳಿಯಲ್ಲಿ ವಾಪಸ್ ಹರಿಯುತ್ತದೆ, ಒಂದಿಷ್ಟು ನೆಲಕ್ಕೂ ಸೋರುತ್ತದೆ. ಕರೆಂಟು ಹರಿದಲ್ಲೆಲ್ಲ ಕಾಂತಕ್ಷೇತ್ರ. ಭೂಮಿಯ ಕ್ಷೇತ್ರದಲ್ಲಿ ಸಾವಿರದಲ್ಲೊಂದು ಪಾಲಿನ ಬದಲಾವಣೆ ಹುಡುಕುವವರ ಪಕ್ಕದಲ್ಲೇ ಟ್ರಾಮ್ ಓಡಿದರೆ ಅಳತೆ ಎಲ್ಲಿ ಉಳಿಯುತ್ತದೆ? ಆಗ ಕೊಲಾಬಾದ ಮುಖ್ಯಸ್ಥರಾಗಿದ್ದವರು ಎನ್.ಎ.ಎಫ್. ಮೂಸ್. ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರು. ಕೊಲ್ಲಿಯಾಚೆ ಅಲಿಬಾಗಿನಲ್ಲಿ ಹೊಸ ಜಾಗ ನೋಡಿ, ಅಯಸ್ಕಾಂತದ ಗುಣವಿಲ್ಲದ ಪೋರಬಂದರ್ ಕಲ್ಲು ತರಿಸಿ, ಕಬ್ಬಿಣ ಸೇರಿಸದೆ ಕಟ್ಟಡ ಕಟ್ಟಿಸಿದರು. 1904ರಲ್ಲಿ ಅಲಿಬಾಗ್ ಶುರುವಾಯಿತು. ನನ್ನ ಮನಸ್ಸಿಗೆ ಹಿಡಿಸುವುದು ಇದರ ಮುಂದಿನ ಕೆಲಸ. ಅಲಿಬಾಗ್ ಸಿಕ್ಕಿತು ಅಂತ ಕೊಲಾಬಾವನ್ನು ತಕ್ಷಣ ಮುಚ್ಚಲಿಲ್ಲ. ಎರಡು ಕಡೆಯೂ 1906ರವರೆಗೆ ಜೊತೆಜೊತೆಗೇ ಅಳೆದರು. ಹಾಗಾಗಿ ಹಳೆಯ ಅಂಕಿಗೂ ಹೊಸ ಅಂಕಿಗೂ ಕೊಂಡಿ ತಪ್ಪಲಿಲ್ಲ. 1907ರಲ್ಲಿ ಟ್ರಾಮ್ ಬಂತು. ಟ್ರಾಮ್ 1964ರಲ್ಲಿ ನಿಂತಿತು, ಅಲಿಬಾಗಿನ ಅಳತೆ ಮಾತ್ರ ನಿಂತಿಲ್ಲ. ಅದನ್ನು ನಡೆಸುವ ಭಾರತೀಯ ಭೂಕಾಂತತ್ವ ಸಂಸ್ಥೆ ಇರುವುದು ಇಲ್ಲೇ, ನವಿ ಮುಂಬೈಯ ಹೊಸ ಪನ್ವೇಲಿನಲ್ಲಿ.

ಲೋಕಲ್‌ನಲ್ಲಿ ಮೊಬೈಲ್ ದಿಕ್ಸೂಚಿ ತಪ್ಪು ತೋರಿಸುತ್ತದೆ. ಫೋನ್ ಕೆಟ್ಟಿದೆಯಾ?

ಇಲ್ಲ. ಫೋನಿನೊಳಗೆ ಕಾಂತಕ್ಷೇತ್ರ ಅಳೆಯುವ ಚಿಕ್ಕ ಚಿಪ್ ಇದೆ. ಸುತ್ತ ಉಕ್ಕಿನ ಡಬ್ಬಿ, ಕೆಳಗೆ ಮೋಟರಿನ ಕರೆಂಟು, ಅದು ಪಾಪ ಏನು ಮಾಡುತ್ತದೆ? ಅಯಸ್ಕಾಂತ ಇರುವ ಮುಚ್ಚಳದ ಕವರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ.

ಕರೆಂಟಿಗೂ ಅಯಸ್ಕಾಂತಕ್ಕೂ ನಂಟಿದೆ ಅಂತ ಮೊದಲು ಕಂಡವರು ಯಾರು?

ಡೆನ್ಮಾರ್ಕಿನ ಓರ್‌ಸ್ಟೆಡ್, 1820ರಲ್ಲಿ. ತಂತಿಯಲ್ಲಿ ಕರೆಂಟು ಬಿಟ್ಟಾಗ ಪಕ್ಕದ ದಿಕ್ಸೂಚಿಯ ಸೂಜಿ ತಿರುಗಿತು. ಅವತ್ತಿನವರೆಗೆ ಎರಡೂ ಬೇರೆ ಬೇರೆ ಅಂತಲೇ ಹೆಚ್ಚಿನವರು ನಂಬಿದ್ದರು. ಕೆಲವೇ ತಿಂಗಳಲ್ಲಿ ಫ್ರಾನ್ಸಿನ ಆಂಪೇರ್ ಅದಕ್ಕೆ ಲೆಕ್ಕ ಕೊಟ್ಟರು.

ನೀವೂ ಮಾಡಿ ನೋಡಿ. ಒಂದು ಆಂಪೇರ್ ಕರೆಂಟು ಹರಿಯುವ ತಂತಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ 20 ಮೈಕ್ರೋಟೆಸ್ಲಾ ಕ್ಷೇತ್ರ ಇರುತ್ತದೆ. ಅಂದರೆ ಮುಂಬೈಯಲ್ಲಿ ಭೂಮಿಯ ಕ್ಷೇತ್ರದ ಸುಮಾರು ಅರ್ಧ. ತಂತಿಯನ್ನು ಉತ್ತರ ದಕ್ಷಿಣವಾಗಿ ಹಿಡಿದು ಅದರ ಕೆಳಗೆ ದಿಕ್ಸೂಚಿ ಇಡಿ. ತಂತಿಯ ಎರಡು ತುದಿಯನ್ನು ಒಂದು ಪೆನ್ಸಿಲ್ ಸೆಲ್ಲಿಗೆ ಒಂದೇ ಕ್ಷಣ ತಾಗಿಸಿ ತೆಗೆಯಿರಿ. ಸೂಜಿ ಕಣ್ಣಿಗೆ ಕಾಣುವಷ್ಟು ಹೊರಳುತ್ತದೆ. ಸೆಲ್ಲನ್ನು ತಿರುಗಿಸಿ ಹಿಡಿದರೆ ಸೂಜಿ ಆಚೆ ಕಡೆ ಹೊರಳುತ್ತದೆ. ಬಲಗೈ ಹೆಬ್ಬೆರಳನ್ನು ಕರೆಂಟಿನ ದಿಕ್ಕಿಗೆ ಚಾಚಿ ತಂತಿ ಹಿಡಿದ ಹಾಗೆ ಮಾಡಿದರೆ ಉಳಿದ ಬೆರಳುಗಳು ಸುತ್ತುವ ಕಡೆಯೇ ಕಾಂತಕ್ಷೇತ್ರದ ದಿಕ್ಕು.

ಮನೆಯಲ್ಲಿ ವಿದ್ಯುತ್ ಕಾಂತ ಮಾಡುವುದು ಹೇಗೆ? ನಾವು ಮಾಡಿದ್ದು ಕೆಲಸ ಮಾಡಲಿಲ್ಲ.

ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ತಂತಿಯ ತುದಿ ಕೆರೆದಿರುವುದಿಲ್ಲ. ಮೋಟರ್ ವೈಂಡಿಂಗ್ ಅಂಗಡಿಯಿಂದ ತರುವ ತಾಮ್ರದ ತಂತಿ ಬರಿ ತಾಮ್ರದ ಹಾಗೇ ಕಾಣುತ್ತದೆ. ಆದರೆ ಮೈಮೇಲೆ ಎನಾಮಲ್ ಪದರ ಇರುತ್ತದೆ. ಅದರ ಮೂಲಕ ಕರೆಂಟು ಹೋಗುವುದಿಲ್ಲ. ಬ್ಲೇಡಿನಿಂದಲೋ ಉಜ್ಜು ಕಾಗದದಿಂದಲೋ ಎರಡೂ ತುದಿಯನ್ನು ಒಂದು ಇಂಚಿನಷ್ಟು, ಸುತ್ತಲೂ ಕೆರೆಯಿರಿ. ಕಂದು ಬಣ್ಣ ಹೋಗಿ ಕೆಂಪು ತಾಮ್ರ ಹೊಳೆಯಬೇಕು.

ಬೆರಳುದ್ದದ ಕಬ್ಬಿಣದ ಮೊಳೆಗೆ ಒಂದೇ ದಿಕ್ಕಿನಲ್ಲಿ ನೂರು ಸುತ್ತು ಬಿಗಿಯಾಗಿ ಸುತ್ತಿ. ಎರಡನೇ ಪದರವೂ ಅದೇ ದಿಕ್ಕಿಗೇ ತಿರುಗಬೇಕು. ಉಲ್ಟಾ ಸುತ್ತಿದರೆ ಮೊದಲಿನದ್ದನ್ನು ಅದೇ ಅಳಿಸಿಹಾಕುತ್ತದೆ. ಸೆಲ್ಲಿಗೆ ತಾಗಿಸಿ, ಗುಂಡುಪಿನ್ನು ಎತ್ತಿ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ತಂತಿ ಸುಡುತ್ತದೆ, ಸೆಲ್ಲೂ ಹಾಳಾಗುತ್ತದೆ. ಗೋಡೆಯ ಪ್ಲಗ್ಗಿಗೆ ಮಾತ್ರ ಯಾವ ಕಾರಣಕ್ಕೂ ಜೋಡಿಸಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಮೊಳೆ ತೆಗೆದು ಬರಿ ಸುರುಳಿಯಲ್ಲೂ ಒಮ್ಮೆ ನೋಡಿ. ಪಿನ್ನು ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಕಬ್ಬಿಣ ಎಷ್ಟು ಕೆಲಸ ಮಾಡುತ್ತಿತ್ತು ಅಂತ ಆಗ ಗೊತ್ತಾಗುತ್ತದೆ.

ಫ್ಯಾನು ತಾನಾಗಿ ತಿರುಗುವುದಿಲ್ಲ, ತಳ್ಳಿದರೆ ತಿರುಗುತ್ತದೆ. ಯಾಕೆ?

ಕಂಡೆನ್ಸರ್ ಹೋಗಿದೆ. ಕಾಂತಕ್ಷೇತ್ರದಲ್ಲಿ ಕರೆಂಟು ಹರಿಯುವ ತಂತಿಯನ್ನಿಟ್ಟರೆ ಅದರ ಮೇಲೆ ತಳ್ಳು ಬೀಳುತ್ತದೆ, ಎಲ್ಲ ಮೋಟರಿನ ಗುಟ್ಟೂ ಇದೇ. ಸಾದಾ ಫ್ಯಾನಿನಲ್ಲಿ ಎರಡು ಸುರುಳಿ ಇರುತ್ತವೆ. ಮನೆಯ ಕರೆಂಟು ಒಂದೇ ಸುರುಳಿಗೆ ಹೋದರೆ ಕಾಂತಕ್ಷೇತ್ರ ಇದ್ದಲ್ಲೇ ಹಿಂದೆ ಮುಂದೆ ಆಗುತ್ತದೆ, ಸುತ್ತುವುದಿಲ್ಲ. ಕಂಡೆನ್ಸರ್ ಎರಡನೇ ಸುರುಳಿಯ ಕರೆಂಟಿನ ಹೊತ್ತು ತಪ್ಪಿಸುತ್ತದೆ. ಆಗ ಎರಡೂ ಸೇರಿ ಸುತ್ತುವ ಕಾಂತಕ್ಷೇತ್ರ ಆಗುತ್ತದೆ, ತಿರುಗುವ ಭಾಗವನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಕಂಡೆನ್ಸರ್ ಸತ್ತರೆ ಶುರು ಮಾಡಿಕೊಡುವವರು ಬೇಕು. ಕೋಲಿನಿಂದ ಯಾವ ಕಡೆ ತಳ್ಳುತ್ತೀರೋ ಆ ಕಡೆಗೇ ಮೆಲ್ಲಗೆ ತಿರುಗುತ್ತದೆ. ಹಾಗೇ ಓಡಿಸಿದರೆ ಸುರುಳಿ ಸುಡುತ್ತದೆ, ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿಬಿಡಿ.

ಮಿಕ್ಸಿಯ ಮೋಟರ್ ಬೇರೆ ಜಾತಿ. ಅದರಲ್ಲಿ ತಿರುಗುವ ಭಾಗಕ್ಕೆ ಕರೆಂಟು ಕೊಡುವುದು ಎರಡು ಕಾರ್ಬನ್ ತುಂಡು. ಒಳಗೆ ಕಾಣುವ ಕಿಡಿ ಅಲ್ಲಿಂದಲೇ. ಸವೆದರೆ ಕಾರ್ಬನ್ ಮಾತ್ರ ಬದಲಾಯಿಸಿದರೆ ಸಾಕು.

ಅಯಸ್ಕಾಂತದಿಂದ ಕರೆಂಟು ಹುಟ್ಟುತ್ತದೆ ಅಂತಾರೆ. ಸುಮ್ನೆ ಪಕ್ಕದಲ್ಲಿ ಇಟ್ಟರೆ ಯಾಕೆ ಬರುವುದಿಲ್ಲ?

ಬದಲಾವಣೆ ಬೇಕು. 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆ ಕಂಡದ್ದು ಇದನ್ನೇ. ಅಯಸ್ಕಾಂತ ಸುರುಳಿಯೊಳಗೆ ಹೋಗುವಾಗ, ಬರುವಾಗ ಕರೆಂಟು ಬರುತ್ತದೆ. ನಿಂತರೆ ಇಲ್ಲ. ಹುಟ್ಟಿದ ಕರೆಂಟು ಆ ಚಲನೆಗೇ ಅಡ್ಡಿ ಮಾಡುತ್ತದೆ. ಅದಕ್ಕೇ ಜನರೇಟರ್ ತಿರುಗಿಸಲು ಡೀಸೆಲ್ಲೋ, ನೀರಿನ ರಭಸವೋ ಬೇಕಾಗುವುದು. ಬಿಟ್ಟಿ ಕರೆಂಟು ಇಲ್ಲ. ಅಯಸ್ಕಾಂತದಿಂದ ತಾನೇ ತಿರುಗುವ ಚಕ್ರದ ವೀಡಿಯೊಗಳು ವಾಟ್ಸಾಪಿನಲ್ಲಿ ಬರುತ್ತವಲ್ಲ, ಅವನ್ನು ನಂಬಬೇಡಿ.

ಎಸಿ ಮೆಕ್ಯಾನಿಕ್ ಹತ್ತಿರ ಒಂದಡಿ ತಾಮ್ರದ ಪೈಪಿನ ತುಂಡು ಕೇಳಿ. ಅದರೊಳಗೆ ಸಡಿಲವಾಗಿ ಹೋಗುವ ನಿಯೋಡಿಮಿಯಂ ಬಿಲ್ಲೆಯನ್ನು ಮೇಲಿನಿಂದ ಬಿಡಿ. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೂ ಬಿಲ್ಲೆ ತೇಲಿಕೊಂಡು ಬಂದ ಹಾಗೆ ನಿಧಾನ ಇಳಿಯುತ್ತದೆ. ಬೀಳುವ ಅಯಸ್ಕಾಂತ ಪೈಪಿನ ಗೋಡೆಯಲ್ಲಿ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟಿನ ಕಾಂತಕ್ಷೇತ್ರ ಬಿಲ್ಲೆಯನ್ನು ತಡೆಯುತ್ತದೆ. ತರಗತಿಯಲ್ಲಿ ಮಕ್ಕಳು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿ, ಮತ್ತೆ ಮತ್ತೆ ಬಿಡಿ ಅನ್ನುತ್ತಾರೆ.

ಲೋಕಲ್ ಟ್ರೇನನ್ನು ಡಿಸಿಯಿಂದ ಎಸಿಗೆ ಯಾಕೆ ಬದಲಾಯಿಸಿದರು?

ದೇಶದ ಮೊದಲ ಕರೆಂಟಿನ ರೈಲು ಓಡಿದ್ದು ಇಲ್ಲೇ, 1925ರ ಫೆಬ್ರವರಿ 3ರಂದು, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಆಗ 1,500 ವೋಲ್ಟ್ ಡಿಸಿ. ಈಗ 25,000 ವೋಲ್ಟ್ ಎಸಿ. ಇಲ್ಲಿ ಎಸಿ ಅಂದರೆ ತಂಪು ಡಬ್ಬಿ ಅಲ್ಲ, ಹಿಂದೆ ಮುಂದೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು. ಹಾರ್ಬರ್ ಲೈನೂ ಸೇರಿ 2016ರ ಹೊತ್ತಿಗೆ ಬದಲಾವಣೆ ಮುಗಿಯಿತು.

ಒಂದು ರೈಲಿಗೆ 30 ಲಕ್ಷ ವಾಟ್ ಬೇಕು ಅಂತ ಇಟ್ಟುಕೊಳ್ಳಿ. 1,500 ವೋಲ್ಟಿನಲ್ಲಿ ಅದಕ್ಕೆ 2,000 ಆಂಪೇರ್ ಹರಿಸಬೇಕು. 25,000 ವೋಲ್ಟಿನಲ್ಲಿ 120 ಆಂಪೇರ್ ಸಾಕು. ಕರೆಂಟು ಅರ್ಧವಾದರೆ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲಿ ಎಷ್ಟು ಉಳಿಯಿತು ಲೆಕ್ಕ ಹಾಕಿ. ರೈಲಿನೊಳಗೆ ಆ ವೋಲ್ಟೇಜನ್ನು ಇಳಿಸುವುದು ಟ್ರಾನ್ಸ್‌ಫಾರ್ಮರ್. ಅದರಲ್ಲಿ ಒಂದೇ ಕಬ್ಬಿಣಕ್ಕೆ ಸುತ್ತಿದ ಎರಡು ಸುರುಳಿ ಇರುತ್ತವೆ. ಒಂದರಲ್ಲಿ ಕರೆಂಟು ಬದಲಾದರೆ ಕಾಂತಕ್ಷೇತ್ರ ಬದಲಾಗಿ ಇನ್ನೊಂದರಲ್ಲಿ ಕರೆಂಟು ಹುಟ್ಟುತ್ತದೆ. ಡಿಸಿ ಬದಲಾಗುವುದೇ ಇಲ್ಲ, ಹಾಗಾಗಿ ಡಿಸಿಗೆ ಟ್ರಾನ್ಸ್‌ಫಾರ್ಮರ್ ನಡೆಯುವುದಿಲ್ಲ.

ಈಗಿನ ರೈಲುಗಳು ನಿಲ್ಲುವಾಗ ಮೋಟರೇ ಜನರೇಟರ್ ಆಗಿ ಕರೆಂಟನ್ನು ಮೇಲಿನ ತಂತಿಗೆ ವಾಪಸ್ ಕೊಡುತ್ತದೆ. ತಾಮ್ರದ ಪೈಪಿನಲ್ಲಿ ನೋಡಿದ ತಡೆಯೇ ಇಲ್ಲಿ ಬ್ರೇಕು.

ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಯಾಕೆ ಕಾಯುವುದಿಲ್ಲ?

ಹೋಟೆಲಿನ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಗಾಜಿನ ಕೆಳಗೆ ತಾಮ್ರದ ಸುರುಳಿ ಇದೆ. ಅದರಲ್ಲಿ ಕರೆಂಟು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಹರಿಯುತ್ತದೆ. ಪಾತ್ರೆಯ ತಳದಲ್ಲಿ ಸುಳಿಸುಳಿಯಾಗಿ ಕರೆಂಟು ಹುಟ್ಟುತ್ತದೆ, ತಳವೇ ಬಿಸಿಯಾಗುತ್ತದೆ. ಕಬ್ಬಿಣದಲ್ಲಿ ಈ ಕರೆಂಟು ಮೇಲಿನ ತೆಳು ಪದರದಲ್ಲೇ ಒತ್ತಿಕೊಂಡು ಹರಿಯಬೇಕು, ಹಾಗಾಗಿ ಅಡ್ಡಿ ಜಾಸ್ತಿ, ಬಿಸಿಯೂ ಜಾಸ್ತಿ. ಅಲ್ಯೂಮಿನಿಯಂ, ತಾಮ್ರದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಬಿಸಿ ಸಾಲುವುದಿಲ್ಲ. ಒಲೆ ಅದನ್ನು ಗುರುತಿಸಿ ನಿಂತುಬಿಡುತ್ತದೆ. ಎರಕದ ಕಬ್ಬಿಣದ ಕಾವಲಿಯಾದರೆ ಚೆನ್ನಾಗಿ ಕಾಯುತ್ತದೆ. ಪಾತ್ರೆ ಕೊಳ್ಳಲು ಹೋಗುವಾಗ ಕಿಸೆಯಲ್ಲಿ ಒಂದು ಅಯಸ್ಕಾಂತ ಇರಲಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ತನ್ನಿ.

ಉತ್ತರಕ್ಕೆ ತಲೆ ಹಾಕಿ ಮಲಗಿದರೆ ರಕ್ತದ ಕಬ್ಬಿಣವನ್ನು ಭೂಮಿ ಎಳೆಯುತ್ತದಂತೆ?

ಹಿರಿಯರ ಪದ್ಧತಿಯನ್ನು ಯಾರಾದರೂ ಪಾಲಿಸಿದರೆ ನನ್ನ ತಕರಾರಿಲ್ಲ. ಆದರೆ ಈ ಕಾರಣ ತಪ್ಪು. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದ ಹಾಗೆ ಇಲ್ಲ. ಒಂದೊಂದು ಪರಮಾಣು ದೊಡ್ಡ ಅಣುವಿನೊಳಗೆ ಒಂಟಿಯಾಗಿ ಕೂತಿದೆ, ಆ ಒಗ್ಗಟ್ಟು ಅಲ್ಲಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಇಲ್ಲಿನ ಭೂಮಿಯ ಕ್ಷೇತ್ರದ ಸುಮಾರು 35,000 ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿದವರ ರಕ್ತವೇ ಎಲ್ಲೂ ಎಳೆದುಕೊಂಡು ಹೋಗುವುದಿಲ್ಲ. ನೋವಿಗೆ ಅಂತ ಮಾರುವ ಅಯಸ್ಕಾಂತದ ಬಳೆಗೂ ದುಡ್ಡು ಹಾಕಬೇಡಿ. ನೋವು ವಾಸಿಯಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಎಂಆರ್‌ಐ ಕೋಣೆಗೆ ಹೋಗುವಾಗ ಮಾತ್ರ ತುಂಬಾ ಎಚ್ಚರ ಇರಲಿ. ಅದರ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಇರುತ್ತದೆ, ಕರೆಂಟು ಅದರಲ್ಲಿ ಅಡ್ಡಿಯೇ ಇಲ್ಲದೆ ಸುತ್ತುತ್ತಿರುತ್ತದೆ. ಸ್ಕ್ಯಾನ್ ನಡೆಯದಿದ್ದರೂ ಕಾಂತಕ್ಷೇತ್ರ ಇದ್ದೇ ಇರುತ್ತದೆ. 2018ರಲ್ಲಿ ಮುಂಬೈಯಲ್ಲೇ ರೋಗಿಯ ಜೊತೆ ಬಂದ ಒಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡರು. ಯಂತ್ರ ಆಫ್ ಆಗಿದೆ ಅಂತ ಯಾರು ಹೇಳಿದರೂ ಕೀ, ಬೆಲ್ಟು, ಹೇರ್‌ಪಿನ್ನು ಹೊರಗೇ ಬಿಡಿ. ದೇಹದೊಳಗೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಮೆಟ್ರೊ ಕಾರ್ಡಿನಲ್ಲಿ ಬ್ಯಾಟರಿ ಇಲ್ಲ. ಗೇಟಿಗೆ ತೋರಿಸಿದರೆ ಹೇಗೆ ಕೆಲಸ ಮಾಡುತ್ತದೆ?

ಫ್ಯಾರಡೆ ಹೇಳಿದ ಹಾಗೆಯೇ. ಕಾರ್ಡಿನ ಅಂಚಿನ ಸುತ್ತ, ಪ್ಲಾಸ್ಟಿಕ್ಕಿನೊಳಗೆ, ತೆಳು ಸುರುಳಿ ಇದೆ. ಗೇಟಿನಲ್ಲೂ ಒಂದು ಸುರುಳಿ ಇದೆ, ಅದರ ಕಾಂತಕ್ಷೇತ್ರ ಸೆಕೆಂಡಿಗೆ 1 ಕೋಟಿ 35 ಲಕ್ಷಕ್ಕೂ ಹೆಚ್ಚು ಸಲ ಬದಲಾಗುತ್ತದೆ. ಕಾರ್ಡು ಹತ್ತಿರ ಬಂದ ಕೂಡಲೇ ಅದರ ಸುರುಳಿಯಲ್ಲಿ ಕರೆಂಟು ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ, ತನ್ನ ವಿವರ ಹೇಳುತ್ತದೆ. ಕಾರ್ಡನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಹಿಡಿದರೆ ಗೇಟು ತೆರೆಯುವುದಿಲ್ಲ.

ಶಾಲೆಯ ಪ್ರಾಜೆಕ್ಟಿಗೆ ಸಾಮಾನು ಎಲ್ಲಿ ಸಿಗುತ್ತದೆ?

ವೈಂಡಿಂಗ್ ತಂತಿ, ಸ್ವಿಚ್ಚು, ಬಲ್ಬಿನ ಹೋಲ್ಡರ್ ಬೇಕಿದ್ದರೆ ಲೋಹಾರ್ ಚಾಳ್. ಚಿಕ್ಕ ಮೋಟರ್, ಎಲ್‌ಇಡಿ, ನಿಯೋಡಿಮಿಯಂ ಬಿಲ್ಲೆಗೆ ಲ್ಯಾಮಿಂಗ್ಟನ್ ರಸ್ತೆ. ಅಷ್ಟು ದೂರ ಹೋಗುವ ಮೊದಲು ಮನೆಯಲ್ಲಿ ಕೆಟ್ಟುಬಿದ್ದ ಸ್ಪೀಕರ್ ಇದೆಯಾ ನೋಡಿ, ಹಿಂಬದಿಯಲ್ಲಿ ಒಳ್ಳೆಯ ಉಂಗುರದ ಅಯಸ್ಕಾಂತ ಸಿಗುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ನಿಯೋಡಿಮಿಯಂ ಬಿಲ್ಲೆಗಳನ್ನು ಎಣಿಸಿ, ಮುಚ್ಚಳ ಇರುವ ಡಬ್ಬಿಯಲ್ಲಿ ಎತ್ತರಕ್ಕೆ ಇಡಿ. ಎರಡು ಬಿಲ್ಲೆ ನುಂಗಿದರೆ ಕರುಳಿನ ಗೋಡೆಯನ್ನು ಮಧ್ಯೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡಬಹುದು. ನುಂಗಿರಬಹುದು ಅಂತ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.